ಅತ್ತೆಯ ಬೆರಳು, ನನ್ನ ಆರ್‌ಎನ್‌ಎ

ಏನಾದರೂ ಕೆಟ್ಟರೆ ನನ್ನ ಕಣ್ಣು ಮೊದಲು ಪಕ್ಕದವರ ಮೇಲೆ ಹೋಗುತ್ತದೆ. ಒಳ್ಳೆಯ ಗುಣವಲ್ಲ, ಗೊತ್ತು. ಆದರೂ ನಲವತ್ತು ವರ್ಷ ಅದರ ಜೊತೆ ಸುಖವಾಗಿಯೇ ಬಾಳಿದ್ದೆ, ಹುಬ್ಬಳ್ಳಿಯಿಂದ ನಮ್ಮತ್ತೆ ಸಿಂಗಪುರದ ಸೆರಂಗೂನಿನ ನಮ್ಮ ಮನೆಗೆ ಬರುವವರೆಗೆ.

ಜೀವಕೋಶದೊಳಗೆ ಯಾವ ಪ್ರೋಟೀನು ಯಾವ ಆರ್‌ಎನ್‌ಎಗೆ ಅಂಟಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ. ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಅಳಿಯ ಮಾಡುವುದೇನೆಂದು ಕಣ್ಣಾರೆ ನೋಡಬೇಕೆಂದರು. ಲ್ಯಾಬಿನ ಫ್ಯಾಮಿಲಿ ಡೇಗೆ ಕರೆದುಕೊಂಡು ಹೋದೆ. ಡಿಎನ್‌ಎ ಗಟ್ಟಿ, ಆರ್‌ಎನ್‌ಎ ಬಲು ಸೂಕ್ಷ್ಮ, ಅದನ್ನು ತುಂಡರಿಸುವ ಪ್ರೋಟೀನು ನಮ್ಮ ಬೆರಳ ಮೇಲೇ ಇರುತ್ತದೆ, ಅದಕ್ಕೇ ಈ ಗ್ಲೌಸ್ ಎಂದು ನಾನು ಭಾಷಣ ಮಾಡುತ್ತಿದ್ದೆ. ಅಷ್ಟರಲ್ಲಿ, ಕೈ ಬೆವರುತ್ತದೆಂದು ಗ್ಲೌಸ್ ತೆಗೆದಿದ್ದ ಅತ್ತೆ, ನನ್ನ ಟ್ಯೂಬಿನ ಅಂಚಿನಲ್ಲಿದ್ದ ಹನಿಯನ್ನು ಬೆರಳಿನಿಂದ ಒರೆಸಿ, ಎಣ್ಣೆ ಡಬ್ಬಿ ಮುಚ್ಚುವಂತೆ ಮುಚ್ಚಳ ಒತ್ತಿದರು.

ಸೋಮವಾರ ನೋಡಿದರೆ ಆರ್‌ಎನ್‌ಎ ಚೂರುಚೂರು. ಮೂರು ವಾರದ ಕೆಲಸ. ಮನೆಗೆ ಬಂದವನೇ ಅಂದುಬಿಟ್ಟೆ, "ಅತ್ತೆ, ನೀವು ಮುಟ್ಟಿದ್ದರಿಂದ ಎಲ್ಲ ಹಾಳಾಯ್ತು."

ಅಂದಿನಿಂದ ಅವರು ಗಳಿಗೆಗೊಮ್ಮೆ ಕೈ ತೊಳೆಯತೊಡಗಿದರು. ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ನಮ್ಮ ನಾಲ್ಕು ವರ್ಷದ ಅನು ತೊಡೆ ಏರಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಅಜ್ಜಿ, ಎತ್ಕೋ ಲಾ," ಎಂದಳು ಮಗು, ಇಲ್ಲಿನವರ 'ಲಾ' ಸೇರಿಸಿ.

"ನನ್ನ ಕೈ ಛಲೋ ಇಲ್ಲವ್ವಾ."

ಹೆಂಡತಿ ಸವಿತಾ ನನ್ನನ್ನು ನೋಡಿದಳು. ನಾನು ಫ್ರಿಜ್ ತೆರೆದು ಏನೋ ಹುಡುಕಿದೆ.

ಗುರುವಾರ, ಅತ್ತೆ ಮುಟ್ಟದೇ ಇದ್ದ ಟ್ಯೂಬುಗಳನ್ನೂ ಪರೀಕ್ಷಿಸಿದೆ. ಅವೂ ಚೂರು. ಎಲ್ಲಕ್ಕೂ ಬೆರೆಸಿದ್ದು ಒಂದೇ ಬಾಟಲಿಯ ನೀರು. ಫೋನ್ ಬಂತೆಂದು ಗ್ಲೌಸ್ ಕಳಚಿ, ಆಮೇಲೆ ಬರಿಗೈಯಲ್ಲೇ ಆ ಬಾಟಲಿ ತೆರೆದಿದ್ದು ನಾನೇ. ಈಗ ನೆನಪಾಯಿತು.

ಮನೆಗೆ ಹೋಗಿ ಅತ್ತೆಯ ಎದುರು ಕೂತೆ. "ತಪ್ಪು ನಂದೇ, ಅತ್ತೆ. ನಿಮ್ಮ ಕೈಯಿಂದ ಏನೂ ಆಗಿಲ್ಲ."

ಅವರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಅನುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅವಳ ತಲೆ ಸವರುತ್ತಲೇ ಇದ್ದರು. ಆಮೇಲೆ ಕೇಳಿದರು, "ನಿಮ್ಮ ಬಾಸ್‌ಗೆ ಯಾರ ಹೆಸರು ಹೇಳೀರಿ?"

ಹೆಡ್‌ಮಿಸ್ ಮುಂದೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ನಿಮ್ಮದು."

"ಲ್ಯಾಪ್‌ಟಾಪ್ ತಗೊಂಡ್ ಬರ್ರಿ."

ಊಟದ ಟೇಬಲ್ಲಿನಲ್ಲೇ ಕೂರಿಸಿ ಮೇಲ್ ಬರೆಸಿದರು. 'ಬಹುಶಃ ನನ್ನಿಂದ' ಎಂದು ಬರೆದಿದ್ದೆ, 'ಬಹುಶಃ' ತೆಗೆಸಿದರು. ಹತ್ತು ನಿಮಿಷದಲ್ಲಿ ಬಾಸ್‌ನ ಉತ್ತರ ಬಂತು: ನಿಮ್ಮ ಅತ್ತೆಯವರ ಮೇಲೆ ನನಗೆ ಮೊದಲಿನಿಂದಲೂ ಸಂಶಯ ಇರಲಿಲ್ಲ.