ಆರಾಮಾಗಿ ಬ್ಯಾಂಕಾಕಿಗೆ

"ಈ ಸಲ ಗಡಬಡ ಇಲ್ಲ! ಒಂದು ವಾರ, ಒಂದೇ ಊರು, ಬ್ಯಾಂಕಾಕ್! ಮುಂಜಾನಿ ಚಹಾಕ್ಕ ಕುಂತರ ಬಿಸಿಲು ಏರೋತನಾ ಏಳಂಗಿಲ್ಲ. ಭೂಮಿ ಬೇಕಾದ್ರ ತಿರಗಲಿ, ನಾವು ತಿರಗಂಗಿಲ್ಲ!"

ಸುರೇಶಕುಮಾರ ಸರ್ ಊಟದ ತಟ್ಟೆಯ ಮುಂದೆ ಕುಳಿತು ಹೀಗೆ ಘೋಷಿಸಿದರು. ಭೂಮಿಯ ವಿಷಯ ಮಾತಾಡುವ ಹಕ್ಕು ಅವರಿಗಿತ್ತು. ಸೇಡಮ್ಮಿನ ಕಾಲೇಜೊಂದರಲ್ಲಿ ಭೂಗೋಳ ಹೇಳಿ ಹೇಳಿ ಅವರ ತಲೆಯೇ ಗ್ಲೋಬಿನಂತೆ ನುಣ್ಣಗಾಗಿತ್ತು.

ಹೆಂಡತಿ ಯಶೋಧರಾ ಆಸ್ಪತ್ರೆಯಲ್ಲಿ ನರ್ಸು. ಎಂಥೆಂಥ ಜ್ವರ ಇಳಿಸಿದ ಕೈ ಅದು! ಆದರೆ ಗಂಡನಿಗೆ ಅಂಟಿದ ಅವಸರದ ಜ್ವರಕ್ಕೆ ಮಾತ್ರ ಈವರೆಗೂ ಮದ್ದು ಸಿಕ್ಕಿರಲಿಲ್ಲ.

"ಅಜಂತಾಕ್ಕ ಹೋಗಾಗೂ ಹಿಂಗೇ ಅಂದಿದ್ರಿ," ಎಂದಳು ಆಕೆ, ರೊಟ್ಟಿ ಬಡಿಸುತ್ತ.

ಅಜಂತಾ ಎಂದರೆ ಮನೆಯಲ್ಲಿ ಇನ್ನೂ ಒಣಗದ ಗಾಯ. ಅಲ್ಲಿ ಕೊನೆಯ ಕಡೆಯ ಗುಹೆಯೊಂದರಲ್ಲಿ ಮಲಗಿದ ಬುದ್ಧನ ದೊಡ್ಡ ಮೂರ್ತಿಯಿದೆ. ಸರ್ ಅವರ ತಾಯಿ ಹಣಮವ್ವ ಅದನ್ನು ನೋಡಬೇಕೆಂದೇ ಅಷ್ಟು ದೂರ ಹೋಗಿದ್ದಳು. ಬಸ್ಸು ತಪ್ಪುತ್ತದೆಂದು ಮಗ ಆಕೆಯನ್ನು ಅದಕ್ಕೂ ಮೊದಲಿನ ಗುಹೆಯಿಂದಲೇ ಎಳೆದುಕೊಂಡು ಓಡಿದ. ಬಸ್ಸು ಬಂದದ್ದು ಒಂದು ನಿದ್ದೆ ತೆಗೆಯುವಷ್ಟು ಹೊತ್ತಿನ ಮೇಲೆ!

"ಬುದ್ಧ ಆರಾಮ ಮಕ್ಕೊಂಡಾನ ಮಗಾ," ಎಂದಳು ಹಣಮವ್ವ ಈಗ. "ಒಂದು ಮುಂಜಾನಿ ಅವನ ಮುಂದ ನಾನೂ ಆರಾಮ ಕುಂದರಬೇಕು. ನಡೀ ನಡೀ ಅಂತ ಯಾರೂ ಅನ್ನಬಾರದು. ಇಷ್ಟೇ ನನ್ನ ಆಸೆ."

ಬ್ಯಾಂಕಾಕಿನಲ್ಲಿ ಅದಕ್ಕಿಂತ ದೊಡ್ಡ, ಬಂಗಾರ ಬಣ್ಣದ ಮಲಗಿದ ಬುದ್ಧನಿದ್ದಾನೆ. ಹಾಗಾಗಿಯೇ ಬ್ಯಾಂಕಾಕ್! ತಾಯಿಯ ಮಾತಿಗೆ ಸರ್ ಎದೆ ಕರಗಿತು. ಕರಗಿದ ಎದೆ ಮರುಕ್ಷಣವೇ ಉಬ್ಬಿತು.

"ನಕ್ಷಾ ನನ್ನ ಅಂಗೈಯಾಗದ ಅವ್ವಾ! ನೀ ಬರೇ ಕುಂದರೂದು ಕಲಿ!"

ಮರುದಿನದಿಂದ ಊರಿಗೆಲ್ಲ ಸುದ್ದಿ. ಕ್ಷೌರದಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ, ಪಕ್ಕದ ಮನೆಯ ಅಂಬುಬಾಯಿಯ ಕಟ್ಟೆಯ ಮೇಲೆ, ಎಲ್ಲೆಲ್ಲೂ ಸರ್ ಅವರ ಭಾಷಣ. "ಟೂರಿನವರು ಮಂದೀಗಿ ಕುರಿ ಹೊಡದಂಗ ಹೊಡೀತಾರ್ರಿ. ನಾವು ಹಂಗಲ್ಲ!" ರಾತ್ರಿ ಕುಳಿತು ವಾರದ ಆರಾಮಕ್ಕೆ ಯೋಜನೆಯನ್ನೂ ಹಾಕಿದರು. ಯಶೋಧರಾ ಅದರ ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದಳು: "ಸೋಮವಾರ: ನಸುಕಿನಾಗ ಜಲ್ದಿ ಎದ್ದು ಆರಾಮ ತಗೊಳ್ಳೂದು!"

ಪಾಸ್‌ಪೋರ್ಟಿಗಾಗಿ ಮೂವರಿಗೂ ಕಲಬುರ್ಗಿಯಲ್ಲಿ ಒಂದೇ ದಿನ ಹಾಜರಾಗಬೇಕಿತ್ತು. ಸೇಡಮ್ಮಿನಲ್ಲಿ ರೈಲು ಹತ್ತಿ, ವಾಡಿ ಜಂಕ್ಷನ್ನಿನಲ್ಲಿ ಇಳಿದು, ಅಲ್ಲಿ ಕಲಬುರ್ಗಿಯ ರೈಲು ಹಿಡಿಯುವುದೆಂದು ನಿಶ್ಚಯವಾಯಿತು.

"ಇವತ್ತೇ ಆರಾಮದ ರಿಹರ್ಸಲ್!" ಎಂದರು ಸರ್. ಕಾಗದಪತ್ರಗಳ ಚೀಲ ಯಶೋಧರಾಳ ಕೈಗೆ, ರೊಟ್ಟಿಗಂಟಿನ ಚೀಲ ಸರ್ ಹೆಗಲಿಗೆ. ರಿಹರ್ಸಲ್ ಆರಂಭದಲ್ಲೇ ತುಸು ಮುಗ್ಗರಿಸಿತು. ವಾಡಿ ಇನ್ನೂ ದೂರವಿರುವಾಗಲೇ, ಚಿತ್ತಾಪುರ ದಾಟಿದ ತಕ್ಷಣ, ಸರ್ ಎದ್ದು ಬಾಗಿಲಲ್ಲಿ ನಿಂತುಬಿಟ್ಟಿದ್ದರು!

ವಾಡಿಯಲ್ಲಿ ಇಳಿದು ಅತ್ತೆ ಸೊಸೆ ಬೆಂಚಿನ ಮೇಲೆ ಕುಳಿತು ಚಹಾ ತರಿಸಿದರು. ಮೊದಲ ಗುಟುಕು ಗಂಟಲಿಳಿಯುವಷ್ಟರಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಒಂದು ರೈಲು ಬಂತು. ಜನ ಓಡಿದರು. ಜನ ಓಡಿದ್ದನ್ನು ಕಂಡೂ ನಿಲ್ಲುವುದು ಸರ್ ಕಾಲುಗಳಿಗೆ ಗೊತ್ತೇ ಇರಲಿಲ್ಲ.

"ನಾ ಸೀಟ್ ಹಿಡೀತೀನಿ! ನೀವು ಆರಾಮ ಬರ್ರಿ!"

"ಅದು ಯಾವ ಗಾಡಿ ಕೇಳ್ರಿ ಮದ್ಲ!" ಎಂದು ಯಶೋಧರಾ ಕೂಗುವಷ್ಟರಲ್ಲಿ ಸರ್ ಮೇಲುಸೇತುವೆಯನ್ನೇ ದಾಟಿಯಾಗಿತ್ತು.

ರೈಲಿನ ಡಬ್ಬಿಯೊಳಗೆ ನುಗ್ಗಿ, ಹೆಗಲ ಮೇಲಿನ ಟವೆಲನ್ನು ಹಾಸಿ ಮೂರು ಸೀಟು ವಶಪಡಿಸಿಕೊಂಡರು. ಚಕ್ರವರ್ತಿಗಳು ಕೂಡ ರಾಜ್ಯಗಳನ್ನು ಇಷ್ಟು ಚುರುಕಾಗಿ ಗೆದ್ದಿರಲಿಕ್ಕಿಲ್ಲ! ಹೆಂಡತಿ ಮಕ್ಕಳೊಂದಿಗೆ ಬಂದ ಗುಲಾಮ ದಸ್ತಗೀರ ಎಂಬ ಪ್ರಯಾಣಿಕ, "ಜರಾ ಸರೀರಿ ಸರ್," ಎಂದ.

"ಮಂದಿ ಬರಾಕತ್ತಾರ್ರಿ!" ಎಂದು ಗುಡುಗಿದರು ಸರ್.

ರೈಲು ಹೊರಟಿತು. ಕಿಟಕಿಯಿಂದ ನೋಡಿದರೆ ಅತ್ತೆ ಸೊಸೆ ಇಬ್ಬರೂ ಬೆಂಚಿನ ಮುಂದೆ ನಿಂತು ಎರಡೂ ಕೈ ಬೀಸುತ್ತಿದ್ದಾರೆ! ಸರ್ ಕೂಡ ಕೈ ಬೀಸಿ, "ಹಿಂದಿನ ಡಬ್ಬಿ ಹತ್ರಿ!" ಎಂದು ಕಿರುಚಿದರು. ಕೂಡಲೇ ಯಶೋಧರಾಳ ಫೋನು ಬಂತು.

"ಅದು ರಾಯಚೂರ ಗಾಡೀರಿ! ಇಳೀರಿ ಅಂತ ಕೈ ಮಾಡಿದ್ರ ನೀವು ಟಾಟಾ ಮಾಡ್ತೀರಲ್ಲ!"

"ಭೂಗೋಳದ ಮಾಸ್ತರಿಗಿ ದಾರಿ ಹೇಳಬ್ಯಾಡ. ಶಹಾಬಾದ್ ಬಂದ ಮ್ಯಾಲ ಮಾತಾಡಾಮು!"

ಕಲಬುರ್ಗಿ ದಾರಿಯ ಶಹಾಬಾದ್ ಬರಲಿಲ್ಲ. ಬಲಗಡೆ ಇರಬೇಕಾದ ಮುಂಜಾನೆಯ ಸೂರ್ಯ ಎಡಗಡೆ ಕುಳಿತು ನಗುತ್ತಿದ್ದ. ಸೂರ್ಯನದೇ ಏನೋ ತಪ್ಪಾಗಿರಬೇಕೆಂದು ಸರ್ ಆತ್ಮವಿಶ್ವಾಸದಿಂದ ಕುಳಿತರು. ಆಮೇಲೆ ರಾಯಚೂರು ದಾರಿಯ ನಾಲವಾರ ಸ್ಟೇಷನ್ನಿನ ಫಲಕ ಸರ್ರೆಂದು ಹಿಂದೆ ಹೋಯಿತು. ಸೂರ್ಯ ಸುಳ್ಳು ಹೇಳಬಹುದು, ನಾಲವಾರ ಸುಳ್ಳು ಹೇಳುವುದಿಲ್ಲ!

"ಎಲ್ಲಿಗಿ ಹೊಂಟೀರಿ ಸರ್?" ಎಂದು ದಸ್ತಗೀರ ಮೆಲ್ಲಗೆ ಕೇಳಿದ.

"ಕಲಬುರ್ಗಿಗಿ," ಎಂದರು ಸರ್. ಇಷ್ಟು ಸಣ್ಣ ದನಿ ತಮ್ಮೊಳಗಿತ್ತೆಂದು ಅವರಿಗೇ ಗೊತ್ತಿರಲಿಲ್ಲ.

"ಹಂಗಾದ್ರ ನಿಮ್ಮ ಮಂದಿ ಬರಂಗಿಲ್ಲ ಬಿಡ್ರಿ. ಟವೆಲ್ ತಗೀರಿ, ಮಕ್ಕಳು ಕುಂದರಲಿ."

ಯಾದಗಿರಿಯಲ್ಲಿ ಸರ್ ಇಳಿದರು. ತಿರುಗಿ ಹೋಗುವ ರೈಲು ತಡವಾಗಿ ಓಡುತ್ತಿತ್ತು. ಅವರು ಓಡಲಿಕ್ಕೆ ಎಲ್ಲೂ ಜಾಗವಿರಲಿಲ್ಲ. ಬೆಂಚಿನ ಮೇಲೆ ಕುಳಿತರು. ರೊಟ್ಟಿಗಂಟು ಬಿಚ್ಚಿ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಮತ್ತೂ ರೈಲು ಬರಲಿಲ್ಲ. ಚಹಾ ಕುಡಿದರು. ಹಳಿಯ ಆಚೆ ಆಡೊಂದು ಜಾಲಿ ಕಂಟಿ ಮೇಯುವುದನ್ನು ನೋಡುತ್ತ ಕುಳಿತರು. 'ಅವ್ವ ಹಸಿದಿರಬಹುದೇ? ಅಜಂತಾದಂತೆ ಇದೂ ಕೈತಪ್ಪಿದರೆ?' ಎಂಬ ಯೋಚನೆ ಬಂದಾಗ ಉಳಿದ ರೊಟ್ಟಿಗಳನ್ನು ಅವ್ವನಿಗೆಂದು ಮತ್ತೆ ಗಂಟು ಕಟ್ಟಿದರು.

ಅವರು ಕಲಬುರ್ಗಿ ಮುಟ್ಟಿದಾಗ ಸಂಜೆಯಾಗಿತ್ತು. ಪಾಸ್‌ಪೋರ್ಟ್ ಕಚೇರಿಯ ಬಾಗಿಲು ಮುಚ್ಚಿತ್ತು. ಅತ್ತೆ ಸೊಸೆ ಸ್ಟೇಷನ್ನಿನಲ್ಲಿ ಬಿಸಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದರು.

"ಅವ್ವಾ, ನಿಂದು ಆತೇನು?" ಎಂದರು ಸರ್, ಏದುಸಿರು ಬಿಡುತ್ತ.

"ಇಬ್ಬರದೂ ಆತಲ್ಲ! ಹತ್ತೂ ಬೆರಳು ಒತ್ತಿ ಬಂದೀನಿ," ಎಂದಳು ಹಣಮವ್ವ. "ಫೋಟೋ ತಗಿಯವ ನಗಬ್ಯಾಡ ಅಜ್ಜಿ ಅಂತ ಬಡಕೊಂಡ. ನಿನ್ನ ನೆನಪಾಗಿ ತಡಕೊಳ್ಳಾಕೇ ಆಗಲಿಲ್ಲ ನೋಡು!"

ಸರ್ ತಾಯಿಯ ಪಕ್ಕದಲ್ಲಿ ಕುಸಿದು ಕುಳಿತರು. ಸದ್ಯ, ತಾಯಿಯ ಬುದ್ಧ ತಪ್ಪಲಿಲ್ಲ! ಎದೆಯ ಮೇಲಿನ ಬಂಡೆ ಇಳಿದು, ಅವರಿಗೇ ನಗು ಬಂತು.

"ನಿಮಗ ಬ್ಯಾರೆ ತಾರೀಖ ಕೊಡ್ತಾರಂತ," ಎಂದು ಯಶೋಧರಾ ಒಂದು ಮಿರ್ಚಿಯನ್ನು ಅವರ ಕೈಗಿಟ್ಟಳು. "ಸಿಕ್ಕರ ಮೂರೂ ಮಂದಿ ಹೋಗಾಮು. ಸಿಗಲಿಲ್ಲಂದ್ರ ನಾನೂ ಅತ್ತೀನೂ ಹೋಗಿ ಬರ್ತೀವಿ."

ಮರಳಿ ಬರುವಾಗ ಸರ್ ವಾಡಿಯ ಗಾಡಿ ಯಾವುದೆಂದು ಚಹಾದವನನ್ನು, ಪೊಲೀಸರನ್ನು, ಕೊನೆಗೆ ಮಲಗಿದ್ದ ಒಬ್ಬನನ್ನು ಎಬ್ಬಿಸಿಯೂ ಕೇಳಿ ಹತ್ತಿದರು.

ಮರುದಿನ ಮುಂಜಾನೆ ಅಂಬುಬಾಯಿ ಬಾಗಿಲಿಗೆ ಬಂದಳು. ಸರ್ ಪತ್ರಿಕೆಯನ್ನು ಮುಖಕ್ಕಡ್ಡ ಹಿಡಿದರು.

"ಯಶೋಧರಾಬಾಯಿ, ಬ್ಯಾಂಕಾಕಿಗಿ ಹೋಗಬೇಕಂದ್ರ ಪಾಸ್‌ಪೋರ್ಟ್ ಬೇಕಾಗತದಂತ, ಖರೇನೇನ್ರಿ?"

"ಖರೇ ಅದರಿ," ಎಂದಳು ಯಶೋಧರಾ. "ಯಾದಗಿರಿಗಾದ್ರ ಬರೇ ಆತ್ಮವಿಶ್ವಾಸ ಇದ್ರ ಸಾಕು!"