ಆಕಾಶದಿಂದ ಎರಡು ರಿಂಗ್

ನಮ್ಮ ಭಾವ ಭೂಮಿಯ ಮೇಲೆ ಬಾಡಿಗೆಗಿದ್ದಾರೆ, ಸ್ವಂತ ಮನೆ ಆಕಾಶದಲ್ಲಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಅನ್ನಪೂರ್ಣೇಶ್ವರಿ ನಗರದ ಅವರ ತಾರಸಿಗೆ ಒಮ್ಮೆ ಹೋಗಿ ನೋಡಿ! ಟವರ್ ಇದ್ದರೆ ಟವರ್, ಇಲ್ಲದಿದ್ದರೆ ನೇರ ಉಪಗ್ರಹ, ಎರಡನ್ನೂ ಹಿಡಿಯುವ ಹೊಸ ಫೋನನ್ನು ಮೇಲೆತ್ತಿಕೊಂಡು ಪ್ರದಕ್ಷಿಣೆ ಹಾಕುತ್ತಿರುತ್ತಾರೆ. ಪಕ್ಕದ ಮನೆಯ ತೆಂಗಿನಮರ ಉಪಗ್ರಹಕ್ಕೆ ಅಡ್ಡವಂತೆ. "ಎರಡು ಗರಿ ಕಡಿಸಿ ಮೇಡಂ" ಎಂದು ಕೇಳಿದ್ದಕ್ಕೆ ಆಕೆ, "ನಿಮ್ಮ ಉಪಗ್ರಹಕ್ಕೇ ಸ್ವಲ್ಪ ಪಕ್ಕಕ್ಕೆ ಹೋಗೋಕೆ ಹೇಳಿ ಸಾರ್" ಎಂದರಂತೆ.

ಹೊಟ್ಟೆಕಿಚ್ಚಾ ಎನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ಹೊರಗೆ ಹೋದವರು ತಲುಪಿದ ಕೂಡಲೇ ಅಮ್ಮನಿಗೆ ಎರಡು ರಿಂಗ್ ಮಿಸ್ಡ್ ಕಾಲ್ ಕೊಡಬೇಕು. ಅದು ನಮ್ಮ ಮನೆಯ ಕಾನೂನು. ವಿಜಯನಗರದಲ್ಲಿ ಅಮ್ಮ ಇರುವುದು ನನ್ನ ಜೊತೆ, ಮಾತ್ರೆ ತಂದುಕೊಡುವವನು ನಾನು, ಆಕೆಯ ಬಿಪಿಯ ಚಿಂತೆಯಲ್ಲಿ ಬಿಪಿ ಬರಿಸಿಕೊಂಡವನೂ ನಾನೇ. ಆದರೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುವುದು ಅಳಿಯನ ಎರಡು ರಿಂಗಿಗೆ! ನಾನು ಕೆಂಗೇರಿ ಮುಟ್ಟಿ ರಿಂಗ್ ಕೊಟ್ಟರೆ, ಸಂಜೆ "ಯಾಕೋ ಸುಮ್‌ಸುಮ್ನೆ ಬಾರಿಸ್ತೀಯಾ" ಎನ್ನುತ್ತಾಳೆ.

ಕಳೆದ ತಿಂಗಳು ಭಾವ ಅಕ್ಕನನ್ನು ಕರೆದುಕೊಂಡು ಕಾಡಂಚಿನ ಒಂದು ದೇವಸ್ಥಾನಕ್ಕೆ ಹೊರಟರು. "ಅಲ್ಲಿ ಟವರ್ರೇ ಇಲ್ವಂತೆ ಭಾವ" ಎಂದೆ. "ಮೇಲಿದೆಯಲ್ಲೋ" ಎಂದು ಆಕಾಶ ತೋರಿಸಿದರು. ನೋಡೇಬಿಡೋಣ ಎಂದು ಒಳಗೊಳಗೇ ಖುಷಿಪಟ್ಟೆ.

ಸಂಜೆಯಾಯಿತು, ರಿಂಗ್ ಬರಲಿಲ್ಲ. ಅಮ್ಮ ಕಾಫಿ ಮುಟ್ಟಲಿಲ್ಲ. ನನ್ನ ಖುಷಿ ಕಾಫಿಗಿಂತ ಮೊದಲು ಆರಿಹೋಯಿತು. ಅಷ್ಟರಲ್ಲಿ ನನ್ನ ಫೋನಿಗೆ ಭಾವನ ಮೆಸೇಜು: "ತಲುಪಿದ್ವಿ. ಉಪಗ್ರಹದಿಂದ ಮೆಸೇಜ್ ಹೋಗುತ್ತೆ, ರಿಂಗ್ ಹೋಗಲ್ಲ ಕಣೋ. ಅತ್ತೆ ಮೆಸೇಜ್ ಓದಲ್ಲ. ಎರಡು ರಿಂಗ್ ನೀನೇ ಕೊಟ್ಬಿಡು."

ಆಕಾಶದಿಂದ ಇಳಿದದ್ದನ್ನು ಮನೆಗೆ ಮುಟ್ಟಿಸಲು ನೆಲದ ಮೇಲೊಂದು ಟವರ್ ಬೇಕಲ್ಲ, ಅದು ನಾನು!

"ತಲುಪಿದ್ರಂತೆ ಅಮ್ಮ" ಎಂದೆ.

"ರಿಂಗ್ ಎಲ್ಲಿ?" ಎಂದಳು.

ಅಡುಗೆಮನೆಗೆ ಹೋಗಿ, ಭಾವನ ಪರವಾಗಿ, ಹಾಲ್‌ನಲ್ಲಿ ಕೂತಿದ್ದ ಅಮ್ಮನಿಗೆ ಎರಡು ರಿಂಗ್ ಕೊಟ್ಟೆ. ಆಮೇಲೆಯೇ ಲೋಟ ಎತ್ತಿದಳು.

"ನನ್ನ ರಿಂಗಿಗೆ ಮಾತ್ರ ನೀನು ಯಾವತ್ತೂ ಕಾದಿಲ್ಲ" ಎಂದುಬಿಟ್ಟೆ, ಐವತ್ತು ದಾಟಿದ ಗಂಡಸು.

ಅಮ್ಮ ನನ್ನನ್ನೇ ನೋಡಿದಳು. "ನಿನಗ್ಯಾಕೋ ರಿಂಗು? ನಿನ್ನ ಸ್ಕೂಟರ್ ಇನ್ನೂ ಅಷ್ಟು ದೂರ, ಹೊಸಹಳ್ಳಿ ಮೆಟ್ರೊ ಹತ್ರ ಬರುವಾಗ್ಲೇ ನಂಗೆ ಕೇಳಿಸುತ್ತೆ. ಆಮೇಲೇ ನಾನು ಸಾರು ಬಿಸಿಗಿಡೋದು."

ಅಮ್ಮನ ಎರಡೂ ಕಿವಿ ಮಂದವಾಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ನನ್ನ ಜೇಬಿನಲ್ಲೇ ಇತ್ತು.