ಹದಿನೆಂಟು ಮೊಟ್ಟೆ, ಎರಡು ಬ್ಯಾಟರಿ

"ಇವತ್ತಿನಿಂದ ಈ ಮನೆಗೆ ಕತ್ತಲೆಯ ಭಯ ಇಲ್ಲ!" ಎಂದು ಹಿಮಾಲಯದ ತಪ್ಪಲಿನ ಪಾಟನ್ನಿನ ಬೇಖಾರತ್ನ ಮೇಷ್ಟ್ರು ಬೆಳಗಿನ ಚಹಾ ಕುಡಿಯುತ್ತಾ ಸಾರಿದರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸರ್ಕ್ಯೂಟ್ ಪಾಠ ಮಾಡುತ್ತಿರುವ ಮಹಾನುಭಾವರು. ಶಕ್ತಿ ಹೀರಿದ್ದಕ್ಕೆ ಪ್ಲಸ್, ಕೊಟ್ಟದ್ದಕ್ಕೆ ಮೈನಸ್, ಎಲ್ಲ ಕೂಡಿದರೆ ಸೊನ್ನೆ ಎಂದು ಮನೆಯಲ್ಲಿ ಗಟ್ಟಿಯಾಗಿ ಹೇಳಿಕೊಂಡೇ ತರಗತಿಗೆ ಹೊರಡುತ್ತಿದ್ದುದರಿಂದ ಹೆಂಡತಿ ಅಸ್ತಮಾಯಾಗೂ ಅದು ಬಾಯಿಪಾಠವಾಗಿತ್ತು. ಕಲಿತ ದಿನವೇ ಆಕೆ ಅಡುಗೆಮನೆಯ ಗೋಡೆಯ ಮೇಲೆ ಗಂಡನ ಹೆಸರು ಬರೆದು, ಇವರು ಬರೀ ಹೀರುವವರು ಎಂಬಂತೆ ಮುಂದೆ ಇದ್ದಿಲಿನಲ್ಲಿ ದಪ್ಪಗೆ ಒಂದು ಪ್ಲಸ್ ಹಾಕಿದ್ದಳು. ಮೇಷ್ಟ್ರು ಅದನ್ನು ಕಂಡೂ ಕಾಣದವರಂತೆ ಓಡಾಡಿಕೊಂಡಿದ್ದರು.

ಚಳಿಗಾಲದ ರಜೆ. ಲೋಡ್‌ಶೆಡ್ಡಿಂಗ್ ಪಟ್ಟಿಯ ಪ್ರಕಾರ ಆ ದಿನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಕರೆಂಟಿಲ್ಲ. ಅಡುಗೆಮನೆಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಎರಡು ಬಲ್ಬುಗಳ ಕಾವಿಗೆ ಹದಿನೆಂಟು ಮೊಟ್ಟೆಗಳಿದ್ದವು. ತವರೂರು ಪನೌತಿಯಲ್ಲಿ ಅಸ್ತಮಾಯಾಳ ಅಮ್ಮ ತೀರಿಕೊಂಡ ಮೇಲೆ, ಅವರು ಸಾಕಿದ ಕೋಳಿಗಳೂ ರೋಗಕ್ಕೆ ಬಲಿಯಾಗಿ, ಉಳಿದದ್ದು ಇವಿಷ್ಟೇ. ಒಂದೆರಡು ದಿನದಲ್ಲಿ ಮರಿಯಾಗಬೇಕಿತ್ತು.

ಇನ್ವರ್ಟರಿನ ಹೊಸ ಬ್ಯಾಟರಿ ಒಂದೇ ಎಂಟು ಗಂಟೆ ಬಾರದೆಂದು ಮೇಷ್ಟ್ರು ಮೆಟ್ಟಿಲ ಕೆಳಗಿದ್ದ ಹಳೆಯದನ್ನು ಎಳೆದು ತಂದು ಅದರ ಪಕ್ಕಕ್ಕೆ ಜೋಡಿಸಿದರು.

"ಅದು ಸತ್ತೋಗಿದೆ ಅಂತ ನೀವೇ ಅಲ್ವೇನ್ರೀ ಅಲ್ಲಿ ಹಾಕಿದ್ದು?"

"ಸತ್ತಿಲ್ಲ, ಸುಸ್ತಾಗಿದೆ. ಇಬ್ಬರು ಸೇರಿ ಹೊತ್ತರೆ ಭಾರ ಹಗುರ. ಪಾಠ ಮಾಡೋದು ನಾನೋ ನೀನೋ?"

ಹನ್ನೊಂದರ ಹೊತ್ತಿಗೆ ಮನೆ ತುಂಬ ಕೊಳೆತ ಮೊಟ್ಟೆಯ ವಾಸನೆ! ಅಸ್ತಮಾಯಾ ಪೆಟ್ಟಿಗೆಯ ಮುಂದೆ ಕುಸಿದು ಕೂತಳು. ಮೇಷ್ಟ್ರು ಒಂದೊಂದೇ ಮೊಟ್ಟೆ ಎತ್ತಿ ಮೂಸಿದರು. ಹದಿನೆಂಟೂ ಚೆನ್ನಾಗಿದ್ದವು. ಬಲ್ಬುಗಳು ಮಾತ್ರ ಮಂಕಾಗಿದ್ದವು. ವಾಸನೆ ಬರುತ್ತಿದ್ದದ್ದು ಬ್ಯಾಟರಿಯ ಮೂಲೆಯಿಂದ.

ಹಳೆಯ ಬ್ಯಾಟರಿ ಪೂರಿಯಂತೆ ಉಬ್ಬಿ ಬುಸುಗುಡುತ್ತಿತ್ತು. ಕೊಡುವುದಿರಲಿ, ಹೊಸದರ ಶಕ್ತಿಯನ್ನೆಲ್ಲ ಅದೇ ಕುಡಿದುಬಿಟ್ಟಿತ್ತು! "ಬ್ಯಾಟರಿಯಂಥ ಮೂಲಗಳೆಲ್ಲ ಯಾವಾಗಲೂ ಶಕ್ತಿ ಕೊಡುತ್ತವೆ" ಎಂದು ಪರೀಕ್ಷೆಯಲ್ಲಿ ಬರೆದ ಹುಡುಗನಿಗೆ ಮೇಷ್ಟ್ರು ಹೋದ ತಿಂಗಳಷ್ಟೇ ಸೊನ್ನೆ ಕೊಟ್ಟಿದ್ದರು. ಆ ಸೊನ್ನೆ ಈಗ ತಮ್ಮ ಕಣ್ಣ ಮುಂದೆಯೇ ತಿರುಗತೊಡಗಿತು. ಬ್ಯಾಟರಿ ಉಗುಳುತ್ತಿದ್ದ ಅನಿಲಕ್ಕೆ ಒಂದು ಕಿಡಿ ಹಾರಿದರೂ ಮನೆ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತು. ಗೊತ್ತಿದ್ದದ್ದರಿಂದಲೇ ಹೆಂಡತಿಯನ್ನು ಮನೆಯಿಂದ ಹೊರಗೆ ಓಡು ಎಂದರು. ಮೊಟ್ಟೆ ಬಿಟ್ಟು ಕದಲುವುದಿಲ್ಲ ಎಂದಳು. ಕಡೆಗೆ ಕಿಟಕಿಗಳನ್ನೆಲ್ಲ ತೆರೆದು, ಇನ್ವರ್ಟರ್ ಆರಿಸಿ, ಗಾಳಿಯಾಡಿದ ಮೇಲೆ, ಊರಿನ ದೇವರಿಗೆಲ್ಲ ಹರಕೆ ಹೊತ್ತು ತಂತಿ ಬಿಚ್ಚಿದರು. ಕಿಡಿ ಹಾರಲಿಲ್ಲ. ಬಲ್ಬು ಹೊತ್ತಿಸಲು ಹೊಸ ಬ್ಯಾಟರಿಯಲ್ಲಿ ಏನೂ ಉಳಿದಿರಲಿಲ್ಲ.

ಅಷ್ಟರಲ್ಲಿ ಹನ್ನೆರಡಾಗಿತ್ತು. ಕರೆಂಟು ಬರಲು ಇನ್ನೂ ನಾಲ್ಕು ಗಂಟೆ ಬಾಕಿ, ತೆರೆದ ಕಿಟಕಿಯಿಂದ ಹಿಮಾಲಯದ ಗಾಳಿ.

"ಹಾಸಿಗೆ ಮೇಲೆ ಮಲಗಿ," ಎಂದಳು ಅಸ್ತಮಾಯಾ. ಅಂಗಿ ಬಿಚ್ಚಿಸಿ, ಅವರ ಹೊಟ್ಟೆ ಕಂಕುಳ ಸುತ್ತ ಮೊಟ್ಟೆಗಳನ್ನು ಜೋಡಿಸಿ, ಬಿಸಿನೀರಿನ ಬಾಟಲಿಗಳನ್ನಿಟ್ಟು ರಜಾಯಿ ಹೊದಿಸಿದಳು. "ಮಗ್ಗುಲು ಬದಲಿಸೋ ಹಾಗಿಲ್ಲ. ಸೀನೋ ಹಾಗಿಲ್ಲ." ಆ ಕ್ಷಣದಿಂದಲೇ ಮೇಷ್ಟ್ರಿಗೆ ಸೀನು ಬರತೊಡಗಿತು. ಬ್ಯಾಟರಿಗಿಂತಲೂ ಹೆಚ್ಚು ಆ ಸೀನಿಗೆ ಹೆದರಿ, ಮೂಗು ಹಿಡಿದು, ಉಸಿರು ಬಿಗಿಹಿಡಿದು ಮಲಗಿದರು.

ಮೂರೂವರೆಗೆ ಎಡಗಂಕುಳಲ್ಲಿ ಏನೋ ಕುಟುಕಿತು.

"ಅಸ್ತಾ, ಬೇಗ ಬಾ. ಯಾರೋ ಬಾಗಿಲು ಬಡೀತಿದ್ದಾರೆ."

ಅಸ್ತಮಾಯಾ ರಜಾಯಿ ಎತ್ತಿದಳು. ಬಿರುಕಿನಲ್ಲಿ ಪುಟ್ಟ ಕೊಕ್ಕು. "ಅಮ್ಮನ ಕೋಳಿ," ಎಂದು ನಗುತ್ತಲೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಅಡುಗೆಮನೆಯ ಗೋಡೆಯ ಮೇಲಿನ ಪ್ಲಸ್ಸಿನ ನಿಂತ ಗೀಟನ್ನು ಸೆರಗಿನಿಂದ ತಿಕ್ಕಿ ಅಳಿಸಿದಳು. ಮಲಗಿದ್ದಲ್ಲಿಂದಲೇ ಕತ್ತು ಚಾಚಿದ ಮೇಷ್ಟ್ರಿಗೆ ತಮ್ಮ ಹೆಸರಿನ ಮುಂದೆ ಅಂದವಾದ ಮೈನಸ್ ಕಂಡಿತು.

"ಇವತ್ತೊಂದು ದಿನಕ್ಕೆ," ಎಂದಳು ಅಸ್ತಮಾಯಾ.